ಇಂಗ್ಲೆಂಡಿನವರು ಕೊಟ್ಟ ಬಾಣಂತಿ ರಜೆ

ರಜೆ ಎಂದರೇನು ಎಂದು ಯಾರಾದರೂ ಕೇಳಿದರೆ ಈಗ ನಾನು ಉತ್ತರ ಹೇಳುವುದಿಲ್ಲ, ಮಾತು ಬದಲಾಯಿಸುತ್ತೇನೆ. ಮೊದಲು ಗೊತ್ತಿತ್ತು. ಬೆಳಿಗ್ಗೆ ತಡವಾಗಿ ಏಳುವುದು, ತಿಂಡಿ ತಿಂದು ಮತ್ತೆ ಮಲಗುವುದು, ಅಷ್ಟೇ ರಜೆ. ಆಮೇಲೆ ಪಿಎಚ್‌ಡಿ ಮಾಡಲೆಂದು ಇಂಗ್ಲೆಂಡಿಗೆ ಹೋದೆ. ಒಂದು ಬೇಸಿಗೆಯಲ್ಲಿ ಊರಿಗೆ ಬಂದು ಗಂಡನ ಜೊತೆ ಇದ್ದು ವಾಪಸಾದೆ. ವಾಪಸಾದ ಸ್ವಲ್ಪ ದಿನಕ್ಕೇ ಬೆಳಿಗ್ಗೆ ಬೆಳಿಗ್ಗೆ ವಾಂತಿ ಶುರುವಾಯಿತು. ಅಂದಿನಿಂದ ನನ್ನ ತಲೆ ನೆಟ್ಟಗಿಲ್ಲ.

ನನ್ನ ಓದಿನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕಡೆ ಹೇಳಿಕೊಳ್ಳುವುದಕ್ಕೆ ಸ್ವಲ್ಪ ನಾಚಿಕೆ. ನನ್ನ ಗಂಡನ ಮನೆ ಇರುವುದು ಕೆಜಿಎಫ್‌ನ ನಂದಿದುರ್ಗ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ. ಅವರಿಗೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ. ಬಾಗಿಲು ತೆಗೆದರೆ ಎದುರಿಗೆ ಸೈನೈಡ್ ಗುಡ್ಡ. ಚಿನ್ನ ತೆಗೆದ ಮೇಲೆ ಮಿಕ್ಕ ಪುಡಿಮಣ್ಣನ್ನು ಗಣಿಯ ಕಾಲದವರು ರಾಶಿ ಹಾಕಿ ಹೋದದ್ದು ಅದು. ಗಾಳಿ ಎದ್ದರೆ ಒಗೆದು ಹರವಿದ ಬಟ್ಟೆಯ ಮೇಲೆಲ್ಲ ಅದೇ ಮಣ್ಣು. ಆ ಮಣ್ಣಿನಲ್ಲಿ ಏನು ಬೆಳೆಯಬಹುದು ಎಂದು ತಿಳಿಯಲು ನಾನು ಸಮುದ್ರ ದಾಟಿ ಹೋಗಿದ್ದೇನೆ. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿದ ನಮ್ಮತ್ತೆ, ‘ಈ ಮಣ್ಣು ನೋಡಕ್ಕೆ ಅಲ್ಲೀಗಂಟ ಯಾಕಮ್ಮಾ ಓಗ್ಬೇಕು? ಒಂದಿನ ನಮ್ಮನೆ ಕಸ ಗುಡ್ಸಿದ್ರೆ ಸಾಕಲ್ಲ’ ಎಂದಿದ್ದರು. ನನ್ನ ಪ್ರೊಫೆಸರ್ ಕೂಡ ಇಷ್ಟು ನೇರವಾದ ಪ್ರಶ್ನೆ ಕೇಳಿಲ್ಲ.

ಇರಲಿ. ಬಸುರಿಯಾದ ಸುದ್ದಿಯನ್ನು ವಿಶ್ವವಿದ್ಯಾಲಯದ ಆಫೀಸಿನಲ್ಲಿ ಹೇಳಿದೆ. ಅಲ್ಲಿದ್ದ ಹೆಂಗಸು ಎದ್ದು ಬಂದು ಕೈ ಹಿಡಿದು ಸಂತೋಷಪಟ್ಟರು. ಧಾರಾಳವಾಗಿ ರಜೆ ತೆಗೆದುಕೋ ಎಂದರು. ಆ ಮಾತಿನ ಬಿಸಿ ಆರುವ ಮೊದಲೇ, ರಜೆ ಶುರುವಾದ ಮೇಲೆ ನೀನು ಈ ದೇಶದಲ್ಲಿ ಇರುವ ಹಾಗಿಲ್ಲ ಎಂದೂ ಹೇಳಿದರು. ನನಗೆ ಕೊಟ್ಟಿರುವುದು ಓದುವವರ ವೀಸಾ. ಓದದವಳಿಗೆ ಅಲ್ಲೇನು ಕೆಲಸ? ಊರಿಗೆ ಹೋಗಿ ಹೆತ್ತು, ರಜೆ ಮುಗಿಯುವ ಹೊತ್ತಿಗೆ ಹೊಸದಾಗಿ ವೀಸಾಗೆ ಅರ್ಜಿ ಹಾಕು, ಸಿಕ್ಕರೆ ನಿನ್ನ ಜಾಗ ನಿನಗೇ ಎಂದರು. ಸಿಗದಿದ್ದರೆ ಎಂದು ಕೇಳಿದೆ. ಅವರು ಮುಗುಳ್ನಕ್ಕರು. ಆ ನಗುವಿನ ಅರ್ಥ ನನಗೆ ಇವತ್ತಿಗೂ ಆಗಿಲ್ಲ. ಬಂಗಾರಪೇಟೆಯಲ್ಲಿರುವ ಅಮ್ಮನಿಗೆ ಫೋನು ಮಾಡಿದರೆ, ‘ಏನಮ್ಮೀ ಇದು, ರಜಾನೂ ಕೊಟ್ಟು ಆಚೆಗೂ ತಳ್ತಾರಾ? ಓಗ್ಲಿ ಬುಡು, ಮೊದಲ್ನೇ ಎರ್ಗೆ ತವರಲ್ಲೇ ಆಗ್ಬೇಕು ಅಂತ ಅವ್ರಿಗೂ ಗೊತ್ತೈತೆ’ ಎಂದು ಖುಷಿಪಟ್ಟಳು.

ಹಾಗೆ ಬಂದೆ. ಹೆರಿಗೆ ಸುಸೂತ್ರವಾಗಿ ಆಯಿತು, ಹೆಣ್ಣುಮಗು. ಅಮ್ಮ ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫು ಬಿಗಿದು, ಸಾಂಬ್ರಾಣಿ ಹೊಗೆಯಲ್ಲಿ ಕೂರಿಸಿದಳು. ಊರಿಗೆ ಕಾಲಿಡುತ್ತಲೇ ಬಂಗಾರಪೇಟೆ ಪಾನಿಪೂರಿ ತಿನ್ನಬೇಕೆಂದು ಕನಸು ಕಂಡಿದ್ದವಳು ನಾನು. ಅಮ್ಮ ಮೊದಲು ಬಸುರಿ ತಿನ್ನಬಾರದು ಎಂದಳು, ಆಮೇಲೆ ಬಾಣಂತಿ ತಿನ್ನಬಾರದು ಎಂದಳು. ಹೊತ್ತುಹೊತ್ತಿಗೆ ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ಹೋಗಲಿ, ಒಂದೆರಡು ಪುಟ ಓದೋಣವೆಂದು ಲ್ಯಾಪ್‌ಟಾಪ್ ತೆಗೆದರೆ, ‘ಬಾಣಂತಿ ಓದ್ತಾರೇನೇ? ಕಣ್ಣಿನ ನರ ಸೋಲ್ತವೆ!’ ಎಂದು ಕಿತ್ತುಕೊಂಡು ಅಕ್ಕಿ ಡಬ್ಬದ ಮೇಲಿಟ್ಟಳು. ತಮಾಷೆಯೆಂದರೆ, ರಜೆಯಲ್ಲಿರುವಾಗ ಸಂಶೋಧನೆಯ ಕೆಲಸ ಮಾಡಕೂಡದು ಎಂದು ವಿಶ್ವವಿದ್ಯಾಲಯವೂ ಮೇಲ್ ಕಳಿಸಿತ್ತು. ಬಾಯಿತಪ್ಪಿ ಅದನ್ನು ಅಮ್ಮನಿಗೆ ಹೇಳಿಬಿಟ್ಟೆ. ‘ನೋಡ್ದಾ! ಬಿಳೀ ಜನಕ್ಕೂ ತಿಳ್ದೈತೆ’ ಎಂದು ಬೀದಿಗೆಲ್ಲ ಸಾರಿದಳು. ಎರಡು ದೇಶ ಸೇರಿ ನನ್ನ ಕೈ ಕಟ್ಟಿಹಾಕಿದವು.

ಮಗುವಿಗೆ ಮೂರು ತಿಂಗಳಾದಾಗ ಒಂದು ದಿನದ ಮಟ್ಟಿಗೆ ಕೆಜಿಎಫ್ ಕಡೆ ಹೋಗುವ ಮಾರಿಕುಪ್ಪದ ರೈಲು ಹತ್ತಿ ಅತ್ತೆ ಮನೆಗೆ ಹೋದೆ. ನಮ್ಮವರು ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಗುಡ್ಡದ ಬುಡದಲ್ಲಿ ನಾನು ಹಿಂದೆಂದೂ ಕಾಣದ ಒಂದು ಹಸಿರು ಗಿಡ ನಿಂತಿತ್ತು. ನೋಡಿದರೆ ಅದು ಸಂಶೋಧನೆ ಆಗಿಬಿಡುತ್ತದೆಯಲ್ಲ, ಗಾಬರಿಯಿಂದ ಮುಖ ಬೇರೆ ಕಡೆ ತಿರುಗಿಸಿದೆ. ‘ಯಾಕೆ, ಕತ್ತು ಹಿಡ್ಕೊಂತಾ?’ ಎಂದರು ನಮ್ಮವರು.

ಅಷ್ಟರಲ್ಲಿ ವೀಸಾದ ಹೊತ್ತು ಬಂತು. ಹೇಳಿದ ದಿನಕ್ಕೆ ಹೋಗಿ ಸೇರದಿದ್ದರೆ ಇಷ್ಟು ವರ್ಷದ ಓದು ಮಣ್ಣುಪಾಲು. ಹೋಗುವುದಾದರೆ ಮಗು? ‘ನನ್ ತಾವ ಬುಟ್ಟೋಗು, ನಿನ್ನ ಸಾಕ್ಲಿಲ್ವಾ?’ ಎಂದಳು ಅಮ್ಮ. ಅದು ನನ್ನ ಕೈಲಾಗದ ಮಾತು. ನನಗೆ ವೀಸಾ ಬಂದು ಮಗುವಿಗೆ ಬರದೆ ಹೋದರೆ ಎಂದು ನೆನೆದಾಗೆಲ್ಲ ಎದ್ದು ಹೋಗಿ ತೊಟ್ಟಿಲು ಇಣುಕುತ್ತಿದ್ದೆ. ಕೊನೆಗೆ ಮಗುವನ್ನು ನೋಡಿಕೊಳ್ಳಲು ನಮ್ಮವರೂ ಸಂಬಳವಿಲ್ಲದ ರಜೆ ಹಾಕಿ ಬರುವುದೆಂದು ತೀರ್ಮಾನವಾಗಿ, ಮೂರೂ ಜನಕ್ಕೆ ಅರ್ಜಿ ಹಾಕಿದೆವು. ಕಾರ್ಖಾನೆಯಲ್ಲಿ ಅವರ ಮೇಲಧಿಕಾರಿ ಕೇಳಿದರಂತೆ: ‘ಹೆಂಡ್ತಿ ಬಾಣಂತಿ ರಜೆ ಮುಗೀತು ಅಂತೀಯ. ಮುಗಿದ ಮೇಲೆ ನಿನಗ್ಯಾಕಯ್ಯಾ ರಜೆ?’ ‘ಮುಗಿದಿದ್ದಕ್ಕೇ ಸಾರ್’ ಎಂದರಂತೆ ಇವರು. ಮೇಲಧಿಕಾರಿ ತಲೆ ಕೆರೆದುಕೊಳ್ಳುತ್ತಲೇ ಸಹಿ ಹಾಕಿದರಂತೆ. ರಜೆ ಎಂದರೇನೆಂದು ತಿಳಿಯದ ನನ್ನ ಕಾಯಿಲೆ ಅವರಿಗೂ ಅಂಟಿರಬೇಕು.

ಒಂದು ಮಧ್ಯಾಹ್ನ ನಮ್ಮವರ ಫೋನು ಬಂತು. ಮೂವರಿಗೂ ವೀಸಾ ಬಂದಿತ್ತು. ನಾನು ಕುಣಿಯಬೇಕಿತ್ತು. ಫೋನಿಟ್ಟವಳೇ ಗೊಳೋ ಎಂದು ಅತ್ತುಬಿಟ್ಟೆ. ಯಾಕೆಂದು ನನಗೇ ಗೊತ್ತಿಲ್ಲ. ಪಕ್ಕದ ಮನೆಯ ಸೆಲ್ವಿ ಅಕ್ಕ ಸದ್ದು ಕೇಳಿ ಓಡಿ ಬಂದರು. ವೀಸಾ ಸಿಗಲಿಲ್ಲವೆಂದೇ ತಿಳಿದು, ‘ಅಳಾದೆಮ್ಮಾ, ಅಳ್ಬೇಡ. ಪೋನಾ ಪೋಗಟ್ಟುಂ, ಹೋದ್ರೆ ಹೋಗ್ಲಿ! ನಮ್ಮೂರಲ್ಲಿಲ್ದಿರೋ ಓದಾ ಅದು?’ ಎಂದು ಬೆನ್ನು ಸವರಿದರು. ಸಿಕ್ಕಿದೆ ಅಕ್ಕಾ ಎಂದೆ. ಬೆನ್ನ ಮೇಲಿನ ಕೈ ಅಲ್ಲೇ ನಿಂತಿತು. ಸಿಕ್ಕಿದ್ದಕ್ಕೆ ಅಳುವವರಿಗೆ ಏನು ಸಮಾಧಾನ ಹೇಳುವುದೆಂದು ಅವರಿಗೆ ತಮಿಳು, ತೆಲುಗು, ಕನ್ನಡ ಮೂರು ಭಾಷೆಯಲ್ಲೂ ಹೊಳೆಯಲಿಲ್ಲ, ಪಾಪ.

ಅಮ್ಮ ಒಳಗೆ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವಳ ಪಕ್ಕ ಕುಸಿದು, ‘ಅಮ್ಮಾ, ಇನ್ನೊಂದೆರಡು ತಿಂಗಳು ರಜೆ ಕೇಳ್ಲಾ?’ ಎಂದೆ. ತಬ್ಬಿಕೊಂಡು ಅವಳೂ ಅಳುತ್ತಾಳೆ, ಕೇಳು ಮಗಳೇ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆಯನ್ನೂ ಎತ್ತಲಿಲ್ಲ.

‘ಬ್ಯಾಡ. ಓದೋಳು ನೀನು, ಓಗಿ ಓದ್ಕೋ. ನಿಂಗೂ ರಜ ಆಯ್ತು, ನಿನ್ ಗಂಡನ್ಗೂ ರಜ ಆಯ್ತು. ನಂಗ್ ಬ್ಯಾಡ್ವಾ?’

ಇಷ್ಟು ತಿಂಗಳೂ ಕೋಳಿ ಕೂಗುವ ಮೊದಲೇ ಹಂಡೆಗೆ ಉರಿ ಬಿದ್ದಿತ್ತು, ನೀರು ಎರೆದದ್ದಾಗಿತ್ತು, ಮಗುವಿನ ಬಟ್ಟೆ ಒಗೆದದ್ದಾಗಿತ್ತು. ತಾನಾಗಿಯೇ ಆಗುತ್ತದೆ ಎಂದುಕೊಂಡಿದ್ದೆನೋ ಏನೋ. ನನ್ನ ರಜೆಯನ್ನು ಊರಿಗೆಲ್ಲ ವಿವರಿಸುವ ಭರದಲ್ಲಿ ಸೊಂಟ ನೋಯುತ್ತದೆಯೇ ಎಂದು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ತುಂಬಾ ನಾಚಿಕೆಯಾಯಿತು. ‘ಸರಿ, ಇವತ್ತಿನಿಂದಲೇ ನಿನಗೆ ರಜೆ. ಮಗುವನ್ನ ಕೊಡು ಇಲ್ಲಿ’ ಎಂದು ಎರಡೂ ಕೈ ಚಾಚಿದೆ.

‘ನಿಂಗೆ ಎತ್ಕಳಕ್ಕೆ ಬರಾಕಿಲ್ಲ, ಸುಮ್ಕಿರು’ ಎಂದು ಅಮ್ಮ ಎಣ್ಣೆಮಯವಾದ ಮಗುವನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಅವಳ ಹೆಗಲು ಅಲುಗುತ್ತಿತ್ತು. ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಹಾಗೇ ಕೂತಿದ್ದೆ.