ಬಾಡಿ ರೆಡಿ ಆಗದೆ

ಬಾಡಿ ಅನ್ನೋ ಒಂದು ಇಂಗ್ಲಿಷ್ ಮಾತಿಂದ ನನಗೆ ಆಗಿರೋ ಗಾಬರಿ ಒಂದಾ, ಎರಡಾ? ಸದ್ಯ ಈ ವಾರ ಏನೂ ಆಗಲಿಲ್ಲ ಅಂತ ಉಸಿರು ಬಿಡೋ ಹೊತ್ತಿಗೆ ಇನ್ನೊಂದು ಆಗಿರ್ತದೆ. ಗುಂಡ್ಲುಪೇಟೆಯ ಊಟಿ ರೋಡಿನಲ್ಲಿ ನಂದೊಂದು ಶೆಡ್ಡು. ಗೂಡ್ಸ್ ಗಾಡಿ ಕಂಪನಿಯಿಂದ ಬರುವಾಗ ಮೂತಿ, ಚಕ್ರ ಇಷ್ಟೇ ಇರ್ತದೆ. ಹಿಂದೆ ಸಾಮಾನು ತುಂಬೋ ತೊಟ್ಟಿ ಕಟ್ಟಿಕೊಡೋನು ನಾನು. ಆ ತೊಟ್ಟಿಗೆ ನಮ್ಮ ಕಸುಬಿನಲ್ಲಿ ಬಾಡಿ ಅಂತಾರೆ. ಮಿಕ್ಕ ಜನ ಯಾವುದಕ್ಕೆ ಅಂತಾರೆ ಅಂತ ಯೋಚನೆ ಮಾಡಿರಲಿಲ್ಲ.

೧. ಎಲ್ಲಾ ಸೈಜು

"ಇಲ್ಲಿ ಎಲ್ಲಾ ಸೈಜಿನ ಬಾಡಿ ಸಿಗುತ್ತದೆ" ಅಂತ ಬೋರ್ಡ್ ಬರೆಸಿದೆ. ಬಣ್ಣ ಇನ್ನೂ ಒಣಗಿರಲಿಲ್ಲ, ತೆರಕಣಾಂಬಿ ಬಸ್ಸಿಳಿದ ಅಜ್ಜಿಯೊಬ್ಬರು ಸೀದಾ ಒಳಗೆ ಬಂದರು.

"ನಂಗಾಗೋ ಅಂತದ್ದು ಎರಡು ಕೊಡಪ್ಪ. ಹತ್ತೀದಾಗ್ಲಿ."

ನನಗೆ ಅರ್ಥವಾಗಿ ಕಿವಿ ಬಿಸಿಯಾಯ್ತು. "ಅಜ್ಜಿ, ನಮ್ತಾವ ಬಟ್ಟೇದಿಲ್ಲ. ತಗಡು, ಕಬ್ಬಿಣದ್ದು ಮಾತ್ರ."

ಅಜ್ಜಿ ಎದೆ ಮೇಲೆ ಕೈಯಿಟ್ಟುಕೊಂಡರು. "ಶಿವನೇ! ಈಗಿನ ಹೆಣ್ಮಕ್ಳು ಕಬ್ಬಿಣದ್ದೂ ಆಕ್ಕತವಾ? ಒತ್ತಕಿಲ್ವಾ?"

೨. ಮೂಲ

ಸಾಯಂಕಾಲ ಟೀ ಕುಡಿಯೋಕೆ ಬರೋ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರಿಗೆ ಇದನ್ನ ಹೇಳಿದೆ. ಅವರು ನಗಲಿಲ್ಲ, ಪಾಠ ಶುರು ಮಾಡಿದರು. "ಮೈಯೂ ಬಾಡಿ, ಹೆಣವೂ ಬಾಡಿ, ಸಂಘದ ಆಡಳಿತ ಮಂಡಳಿಯೂ ಬಾಡಿ. ಹಳೇ ಇಂಗ್ಲಿಷಿನಲ್ಲಿ ಬೋಡಿಗ್ ಅಂತಿತ್ತು. ಅದಕ್ಕೂ ಹಿಂದೆ ಎಲ್ಲಿಂದ ಬಂತೋ, ಸರಿಯಾಗಿ ಯಾರಿಗೂ ಗೊತ್ತಿಲ್ಲ."

ನಮ್ಮ ಪೇಂಟರ್ ಬ್ರಷ್ ಕೆಳಗಿಟ್ಟ. "ಗೊತ್ತಿಲ್ದೆ ಏನ್ ಸಾ? ಬಾಡಿಗೆ! ಈ ಮೈ ನಮ್ದಲ್ಲ, ಬಾಡಿಗೆ ಮನೆ ಅಂತ ನಮ್ಮವ್ವ ದಿನಾ ಅಂತಿತ್ತು. ಇಲ್ಲಿಂದ್ಲೇ ಎತ್ಕಂಡೋಗವ್ರೆ ಬುಡಿ."

ಮೇಷ್ಟ್ರ ಟೀ ಪಂಚೆ ಮೇಲೆ ಚೆಲ್ಲಿತು. ಪಂಚೆ ಒರೆಸಿಕೊಂಡರು. ಕೊನೆಗೆ, "ಅಲ್ಲ ಅನ್ನೋಕೂ ನನ್ನತ್ರ ಆಧಾರ ಇಲ್ವಲ್ಲೋ" ಅಂದರು.

೩. ಹಂಗಳದ ಫೋನು

ಹಂಗಳದ ರೈತರೊಬ್ಬರು ತೊಟ್ಟಿ ಕಟ್ಟಿಸೋಕೆ ಹೊಸ ಗಾಡಿ ಬಿಟ್ಟಿದ್ದರು. ಕೆಲಸ ಮುಗೀತು ಅಂತ ಹೇಳೋಕೆ ಫೋನ್ ಮಾಡಿದೆ. ಅವರು ಫೋನ್ ಮನೇಲಿ ಮರೆತು ಬೈಕಲ್ಲಿ ಹೊರಟಿದ್ದರಂತೆ, ಹೆಂಡತಿ ಎತ್ತಿಕೊಂಡರು.

"ಅಕ್ಕ, ಬಾಡಿ ರೆಡಿ ಆಗದೆ. ಸಂಜೆ ಒಳಗೆ ತಕ್ಕಂಡೋಗಿ, ಇಲ್ಲಿ ಮಡಗಕ್ಕೆ ಜಾಗ ಇಲ್ಲ."

"ಯಾ... ಯಾರ ಬಾಡಿ?"

"ನಿಮ್ಮೆಜಮಾನ್ರುದ್ದೇ ಕಣಕ್ಕ."

ಧಡ್ ಅಂತ ಸದ್ದಾಗಿ ಫೋನ್ ಸತ್ತಿತು. ಕಾಡಂಚಿನ ಊರು, ಸಿಗ್ನಲ್ ಹೋಯ್ತು ಅಂದುಕೊಂಡು ಸುಮ್ಮನಾದೆ. ಅಷ್ಟರಲ್ಲಿ ಆ ಯಜಮಾನರೇ ಬಂದರು. ಗಾಡಿ ನೋಡಿ ಖುಷಿಯಾಗಿ, ತೊಟ್ಟಿಯ ಅಡಿಗೆ ನುಗ್ಗಿ ಅಲ್ಲೆಲ್ಲ ತಾವೇ ಬಿಳೀ ಬಣ್ಣ ಬಳಿಯೋಕೆ ಕೂತರು.

ಸ್ವಲ್ಪ ಹೊತ್ತಿಗೆ ಎರಡು ಟೆಂಪೋ ಬಂದು ನಿಂತವು. ತಮಟೆ, ಹೂವಿನ ಹಾರ, ಅರ್ಧ ಊರು. ಮುಂದೆ ಆ ಹೆಣ್ಣುಮಗಳು, ತಲೆ ಕೆದರಿಕೊಂಡು, "ಎಲ್ಲಣ್ಣ ಮಡಗಿದ್ದೀಯೆ ಅವ್ರನ್ನ? ಒಂದ್ಸಲ ಮುಖ ತೋರ್ಸು" ಅಂತ ನನ್ನ ಕಾಲಿಗೆ ಬಿದ್ದರು. ಫೋನಿನಲ್ಲಿ ನಾನಂದಿದ್ದ ಮಾತು ಆಗ ನೆನಪಾಯ್ತು. ಅಯ್ಯೋ, ನಾನೇನು ಮಾಡಿಬಿಟ್ಟೆ!

ಗಲಾಟೆ ಕೇಳಿ ಯಜಮಾನರು ಗಾಡಿ ಅಡಿಯಿಂದ ತೆವಳಿಕೊಂಡು ಎದ್ದು ನಿಂತರು. ಮುಖ, ಮೀಸೆ, ಕೂದಲು ಎಲ್ಲಾ ಬೆಳ್ಳಗೆ. ತಮಟೆಯವನು ತಮಟೆ ಬಿಟ್ಟು ಓಡಿದ. ಹೆಂಡತಿ "ದೆವ್ವ!" ಅಂತ ಚೀರಿ ನನ್ನ ಬೆನ್ನ ಹಿಂದೆ ಅವಿತುಕೊಂಡರು. "ಬದುಕವ್ರೆ ಕಣಕ್ಕ, ನಾನೇಳಿದ್ದು ಗಾಡಿ ಬಾಡಿ" ಅಂದರೂ ನಂಬಲಿಲ್ಲ.

ವಿಷಯ ತಿಳಿದು ಯಜಮಾನರು ದಂಗಾದರು. ಸುತ್ತ ನೋಡಿ, "ಎಲ್ರೂ ಬಂದವ್ರೆ, ನನ್ ತಮ್ಮ ಎಲ್ಲಿ?" ಅಂದರು.

ಒಬ್ಬ ದೂರದಿಂದಲೇ, "ಆಳಿಡ್ಕಂಡು ಗುಂಡಿ ತೋಡುಸ್ತಾವ್ನೆ ಕಣಣ್ಣ" ಅಂದ.

"ಯಾವ ಹೊಲ್ದಲ್ಲಿ?"

"ಅರಿಸಿನದ ಹೊಲ್ದಲ್ಲಿ."

"ಅಯ್ಯಯ್ಯೋ! ಬೆಳೆ ನಿಂತದೆ ಕಣ್ರುಲಾ! ಪಕ್ಕದಲ್ಲಿ ಬೀಳು ಜಾಗ ಕಾಣ್ಲಿಲ್ವಾ ಆ ಮುಂಡೇದಕ್ಕೆ? ನಾನ್ ಸತ್ರೆ ಬೆಳೆ ಯಾಕ್ ಸಾಯ್ಬೇಕು?"

ಹೆಂಡತಿ ನನ್ನ ಬೆನ್ನ ಹಿಂದಿಂದ ಈಚೆ ಬಂದು, ಸೆರಗಲ್ಲಿ ಕಣ್ಣೊರೆಸಿಕೊಂಡರು.

"ದೆವ್ವ ಅಲ್ಲ ಕಣ್ರಪ್ಪ. ಇವ್ರು ನಮ್ಮನೆಯವ್ರೇ."