ಅಕ್ಕನ ಹೆಸರಿನ ಪಕ್ಕದ ಕೆಂಪು ಗೀಟು

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ಅದಕ್ಕಿಂತ ಬೇಗ. ಇಳಿದಿದೆ ಎಂದು ಎದುರಿನವರಿಗೆ ತಿಳಿಸಲು ಮಾತ್ರ ತಿಂಗಳುಗಟ್ಟಲೆ ಹಿಡಿಯುತ್ತದೆ. ಇದು ನಾನು ಸಂಪಾದಿಸಿದ ಗುಣವಲ್ಲ, ತವರಿನಿಂದ ತಂದದ್ದು. ಆಂಧ್ರದ ಅಂಚಿನಲ್ಲಿರುವ ರೊಳ್ಳದ ಕಡೆಯ ನಮ್ಮ ಊರಿನಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ನಿಂತಾಗ ಇಬ್ಬರೂ ಎತ್ತಿನ ಮುಖಾಂತರ ವ್ಯವಹರಿಸುತ್ತಿದ್ದರು. "ಏ ಬಸವ, ನಾಳೆ ಕಳ್ಳೇಕಾಯಿ ಕೀಳಾಕೆ ಆಳು ಬತ್ತಾರಂತೇನೋ ಕೇಳಲಾ" ಎಂದು ಅಪ್ಪ ಎತ್ತಿನ ಬೆನ್ನು ಸವರುತ್ತಾ ಹೇಳಿದರೆ, ಅದರ ಆಚೆ ಬದಿಯಲ್ಲಿ ನಿಂತ ದೊಡ್ಡಪ್ಪ "ಬತ್ತಾರಂತೆ ಅಂತ ಹೇಳು ಬಸವ" ಎನ್ನುತ್ತಿದ್ದರು. ಎತ್ತು ಮೆಲುಕು ಹಾಕುತ್ತಾ ಇಬ್ಬರ ಮರ್ಯಾದೆಯನ್ನೂ ಕಾಪಾಡುತ್ತಿತ್ತು. ನನಗೂ ನನ್ನ ಅಕ್ಕ ರತ್ನಮ್ಮನಿಗೂ ಮಾತು ನಿಂತಾಗ ನಮ್ಮ ಹತ್ತಿರ ಎತ್ತಿರಲಿಲ್ಲ. ಒಂದು ಹಳೆಯ ಕಂಪ್ಯೂಟರ್ ಇತ್ತು.

ಜಗಳಕ್ಕೆ ಕಾರಣ ನನ್ನ ಮಗಳು ವಾಣಿಯ ಸೀಮಂತ. ನಾನಿರುವುದು ರಾಯದುರ್ಗದಲ್ಲಿ, ಅಕ್ಕ ಮಡಕಶಿರದಲ್ಲಿ. ನಡುವೆ ಎರಡು ಬಸ್ಸು ಬದಲಿಸಬೇಕು. ಮಂಡಿನೋವಿನ ನೆಪ ಹೇಳಿ ನಾನು ಆಹ್ವಾನವನ್ನು ಮೊಬೈಲಿನಲ್ಲೇ ಕಳಿಸಿಬಿಟ್ಟೆ. "ಕುಂಕುಮ ಇಟ್ಟು ಕರೆಯಾಕೆ ಬರದೆ ಫೋನ್‌ನಾಗೆ ಚೀಟಿ ಕಳಿಸ್ತಾಳೆ, ನಾನೇನು ಅವಳಿಗೆ ಹಾಲು ಹಾಕೋಳಾ?" ಎಂದು ಅಕ್ಕ ತನ್ನ ಸೊಸೆ ರೂಪಾಳ ಮುಂದೆ ಅಂದಳಂತೆ. ಅದು ನನ್ನ ಕಿವಿಗೆ ಬಿತ್ತು. "ಬರೋ ಮನಸ್ಸಿದ್ದೋರು ಹೇಗಿದ್ರೂ ಬರ್ತಾರೆ" ಎಂದು ನಾನಂದೆ. ಅದು ಅವಳ ಕಿವಿಗೆ ಬಿತ್ತು. ಅಷ್ಟೇ, ಎಂಟು ತಿಂಗಳು ಮಾತಿಲ್ಲ. ಮೊಮ್ಮಗು ಹುಟ್ಟಿದಾಗ ಅಕ್ಕ ತಾನೇ ಹೊಲಿದ ಕುಲಾವಿಯನ್ನು ರೂಪಾಳ ಕೈಲಿ ಕಳಿಸಿದಳು, ಜೊತೆಗೆ ಒಂದು ಮಾತನ್ನೂ ಕಳಿಸಲಿಲ್ಲ.

ವಾಣಿಯೂ ರೂಪಾಳೂ ಸೇರಿ ಸಂಚು ಹೂಡಿದರು. ಕಂಪ್ಯೂಟರಿನಲ್ಲಿ ಚೌಕಾಬಾರ ಆಡಬಹುದಂತೆ. ಒಬ್ಬರು ರಾಯದುರ್ಗದಲ್ಲಿ ಕೂತು ಕವಡೆ ಉರುಳಿಸಿದರೆ ಇನ್ನೊಬ್ಬರಿಗೆ ಮಡಕಶಿರದಲ್ಲಿ ಕಾಣುತ್ತದಂತೆ, ಮೈಕ್ ಇದ್ದರೆ ಆಡುತ್ತಾ ಮಾತನಾಡಲೂಬಹುದಂತೆ. ವಾಣಿ ಓದುವಾಗ ಕೊಡಿಸಿದ್ದ ಕಂಪ್ಯೂಟರ್ ನಮ್ಮ ಪಡಸಾಲೆಯಲ್ಲೇ ಇತ್ತು. ನಮ್ಮ ಯಜಮಾನರು ಜೀನ್ಸ್ ಕಟಿಂಗ್ ಮಾಸ್ತರು, ಪ್ಯಾಂಟಿನ ಅಳತೆಗಳನ್ನು ಅದರಲ್ಲಿ ಬರೆದಿಡುತ್ತಾರೆ. ಹೀಗೆ ದಿನಾ ಮಧ್ಯಾಹ್ನ ಊಟವಾದ ಮೇಲೆ ನಾನು ಇಲ್ಲಿ, ಅಕ್ಕ ಅಲ್ಲಿ ಸೊಸೆಯ ಲ್ಯಾಪ್‌ಟಾಪಿನ ಮುಂದೆ, ಇಬ್ಬರೂ ಮೂಗು ಊದಿಸಿಕೊಂಡು ಆಟಕ್ಕೆ ಕೂತೆವು.

ಆದರೆ ಸದ್ದಿಲ್ಲದ ಚೌಕಾಬಾರ ಸಾರಿಲ್ಲದ ಮುದ್ದೆಯ ಹಾಗೆ. ನಾವು ಆಡುತ್ತಿದ್ದ ಕಾಲದಲ್ಲಿ ಜಗಲಿಯ ಮೇಲೆ ಸುಣ್ಣದ ಕಲ್ಲಿನಿಂದ ಮನೆ ಗೀಚಿ, ಹುಣಸೆಬೀಜವನ್ನು ಒಂದು ಬದಿ ಉಜ್ಜಿ ದಾಳ ಮಾಡಿಕೊಳ್ಳುತ್ತಿದ್ದೆವು. ಅಕ್ಕನ ಕಾಯಿಗಳು ಒಡೆದ ಬಳೆಚೂರು, ನನ್ನವು ಕಡಲೆಕಾಯಿ ಸಿಪ್ಪೆ. ಬೀಜಗಳನ್ನು ಅಂಗೈಯಲ್ಲಿ ಕುಲುಕುವಾಗ ಅಕ್ಕ ಅವಕ್ಕೆ ಹೆಸರಿಟ್ಟು ಮುದ್ದಿಸುತ್ತಿದ್ದಳು, ಬೇಕಾದ ಗರ ಬೀಳದಿದ್ದರೆ ಅದೇ ಹೆಸರು ಹಿಡಿದು ಬೈಯುತ್ತಿದ್ದಳು. ನನ್ನ ಕಾಯಿ ಹೊಡೆದಳೆಂದರೆ ಅವಳ ಕೂಗಿಗೆ ಬೀದಿಯ ಕೊನೆಯಲ್ಲಿದ್ದ ಕೋಳಿಗಳು ಗೋಡೆ ಹತ್ತುತ್ತಿದ್ದವು. ಈಗ ಪರದೆಯ ಮೇಲೆ ಕವಡೆ ಮೂಕವಾಗಿ ಉರುಳುತ್ತದೆ, ಕಾಯಿ ಮೂಕವಾಗಿ ಸಾಯುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಶಬ್ದ ಬರುತ್ತಲೂ ಇರಲಿಲ್ಲ, ಹೋಗುತ್ತಲೂ ಇರಲಿಲ್ಲ.

"ಅಲ್ಲ ಸರೋಜಾ, ಫೋನ್ ಹಚ್ಚಿ ಮಾತಾಡಿದ್ರ ಮುಗೀತಲ್ಲ, ಅದಕ್ಯಾಕ ಇಷ್ಟೆಲ್ಲಾ ವೈರು?" ಎಂದರು ಯಜಮಾನರು. ಗಂಡಸರಿಗೆ ಇದು ಅರ್ಥವಾಗುವುದಿಲ್ಲ. ಫೋನ್ ಮಾಡಿದವಳು ಸೋತ ಹಾಗೆ. ಆಟದ ನಡುವೆ ಮೈಕಿನಲ್ಲಿ ತಾನಾಗಿ ಒಂದು ಮಾತು ಬಂದುಬಿಟ್ಟರೆ ಯಾರೂ ಸೋತ ಹಾಗಲ್ಲ. ಆದ್ದರಿಂದ ಆ ಮೈಕ್ ರಿಪೇರಿಯಾಗುವುದು ನನಗೆ ತೀರಾ ಅಗತ್ಯವಾಗಿತ್ತು. ಅಷ್ಟು ಅಗತ್ಯವಿದೆ ಎಂದು ಯಾರಿಗೂ ತೋರಿಸಿಕೊಳ್ಳಬಾರದಾಗಿತ್ತು, ಅದೊಂದು ಕಷ್ಟ.

ಮೈಕ್ ಎಂದ ಕೂಡಲೇ ಯಜಮಾನರಿಗೆ ನೆನಪಾದದ್ದು ಅವರ ಗೆಳೆಯ ಬಾಷಾ. ಮೂವತ್ತು ವರ್ಷದಿಂದ ಮದುವೆ ಮುಂಜಿಗೆ ಮೈಕ್ ಸೆಟ್ ಹಾಕುವ ಮನುಷ್ಯ. ಅವರು ಬಂದು, ನಾನು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನಿಂದ ಇಳಿದ ಕಡ್ಡಿಯಂಥ ಮೈಕನ್ನು ಬೆರಳ ತುದಿಯಲ್ಲಿ ಹಿಡಿದು ಮರುಗಿದರು. "ಇಷ್ಟ ಏನ್ರಿ ಅಕ್ಕಾರ? ಇದಕ್ಕ ಆಂಪ್ಲಿಫೈಯರ್ ಎಲ್ಲಿ ಐತ್ರಿ?" ಪೆಟ್ಟಿಗೆಯ ಒಳಗೆ ಸೌಂಡ್ ಕಾರ್ಡ್ ಅಂತ ಇರುತ್ತದಂತೆ ಎಂದೆ. ಅವರು ಪಕ್ಕದ ಮುಚ್ಚಳ ಬಿಚ್ಚಿದರು. ಒಳಗೆ ಕಂಪ್ಯೂಟರ್ ಕಾಣಿಸಲೇ ಇಲ್ಲ. ಜೀನ್ಸ್ ಬಟ್ಟೆಯ ನೀಲಿ ಜುಂಗು ಒಂದು ಕೂಸಿನ ದಿಂಬಿಗಾಗುವಷ್ಟು ತುಂಬಿತ್ತು. ಅದನ್ನೆಲ್ಲ ಎಳೆದು ಹಾಕಿ, ಅಂಗೈಯಗಲದ ಕಾರ್ಡೊಂದನ್ನು ಹೊರಗೆ ತೆಗೆದು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಸ್ವಿಚ್ ಹಾಕಿದರೆ, ಏನಾಶ್ಚರ್ಯ, ಕವಡೆ ಉರುಳುವ ಕಟಕಟ ಕೇಳಿಸಿತು! ಅದರ ಹಿಂದೆಯೇ ಜೇನುಗೂಡಿಗೆ ಕಲ್ಲು ಹೊಡೆದಂತೆ ಗುಂಯ್ ಎಂಬ ಸದ್ದು.

"ಅರ್ತಿಂಗ್ ಇಲ್ರಿ ನಿಮ್ಮನ್ಯಾಗ" ಎಂದು ಬಾಷಾ ತೀರ್ಪು ಕೊಟ್ಟರು. ಹಿತ್ತಲಿನ ಅರ್ತಿಂಗ್ ಗುಂಡಿ ಬೇಸಿಗೆಗೆ ಒಣಗಿ ಬಿರುಕು ಬಿಟ್ಟಿತ್ತು. ಎರಡು ಬಕೆಟ್ ನೀರು, ಒಂದು ಹಿಡಿ ಉಪ್ಪು ಹಾಕಿಸಿದರು. ಗುಂಯ್ ನಿಂತಿತು. ನನ್ನ ದನಿ ಮಾತ್ರ ಇನ್ನೂ ಹೋಗುತ್ತಿರಲಿಲ್ಲ. ಅರ್ಧ ಗಂಟೆ ವೈರುಗಳನ್ನು ಎಳೆದಾಡಿದ ಮೇಲೆ ಗೊತ್ತಾಯಿತು, ಗುಲಾಬಿ ಬಣ್ಣದ ತೂತಿಗೆ ಚುಚ್ಚಬೇಕಾದ ಮೈಕಿನ ಪಿನ್ನನ್ನು ನಾನು ನೀಲಿಗೆ ಚುಚ್ಚಿದ್ದೆ. ಜೀನ್ಸ್ ಮಾಸ್ತರ ಹೆಂಡತಿ, ಕೈ ನೀಲಿಗೇ ಹೋಗಿತ್ತು. ಅದನ್ನು ಬದಲಿಸಿ ಬಾಷಾ ಗಂಟಲು ಸರಿಮಾಡಿಕೊಂಡು "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒಕಟಿ, ರೆಂಡು, ಮೂಡು" ಎಂದು ಮದುವೆಮನೆಯ ಎತ್ತರದಲ್ಲಿ ಎಣಿಸಿದರು. ಉಳಿದದ್ದನ್ನು ವಾಣಿ ಫೋನಿನಲ್ಲಿ ಹೇಳಿಕೊಟ್ಟಳು. "ಅಮ್ಮಾ, ಬಲಕ್ಕ ಕೆಳಗ ಸ್ಪೀಕರ್ ಚಿತ್ರ ಐತಿ ನೋಡು, ಅದರ ಮ್ಯಾಲ ಒತ್ತು. ಈಗ ಆಟ ನಿನ್ನ ಮೈಕಿಗೆ ಪರ್ಮಿಷನ್ ಕೇಳ್ತೈತಿ, ಹೂಂ ಅನ್ನು." ಹೂಂ ಎಂದೆ. ಬಾಯಲ್ಲಿ ಅನ್ನುವುದಲ್ಲ, ಒತ್ತುವುದು ಎಂದಳು. ಒತ್ತಿದೆ. ನಾನು ಮಾತನಾಡಿದಾಗಲೆಲ್ಲ ಒಂದು ಹಸಿರು ಗೆರೆ ಕುಣಿಯತೊಡಗಿತು.

ಆದರೆ ಅಕ್ಕನ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಮೈಕಿನ ಚಿತ್ರ, ಅದರ ಮೇಲೆ ಅಡ್ಡಲಾಗಿ ಒಂದು ಕೆಂಪು ಗೀಟು. ನನ್ನ ದನಿ ಅಲ್ಲಿಗೆ ಮುಟ್ಟುತ್ತಿಲ್ಲ ಎಂಬುದರ ಗುರುತು ಅದು ಎಂದು ನಾನೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ನನಗೆ ಅಕ್ಕನ ಜೊತೆ ಮಾತನಾಡುವ ಆಸೆಯಿದೆ ಎಂದು ಗೊತ್ತಾಗಿಬಿಡುತ್ತಿತ್ತಲ್ಲ. ದಿನಾ ಆಟ ಶುರುವಾದಾಗ ಆ ಗೀಟನ್ನು ನೋಡುವುದು, ಬೇಸರಪಡುವುದು, ಆಮೇಲೆ ಹೇಗೂ ಕೇಳಿಸುವುದಿಲ್ಲವಲ್ಲ ಎಂದು ಬಾಯಿಗೆ ಬಂದದ್ದನ್ನು ಆಡುವುದು. ಊಟ ಮಾಡಿ ಪಕ್ಕದಲ್ಲೇ ಚಾಪೆಯ ಮೇಲೆ ಉರುಳಿಕೊಂಡಿರುತ್ತಿದ್ದ ಯಜಮಾನರು ನನ್ನ ಶ್ರೋತೃ. ಅಕ್ಕನ ಕಾಫಿ ಹೇಗಿರುತ್ತದೆ, ಮಡಕಶಿರದ ಬೆಟ್ಟವನ್ನೇ ಬಳುವಳಿಯಾಗಿ ಪಡೆದವಳ ಹಾಗೆ ಅವಳು ಹೇಗೆ ನಡೆಯುತ್ತಾಳೆ, ಭಾವನವರು ನಲವತ್ತು ವರ್ಷದಿಂದ ಏಕೆ ಮಾತು ಕಡಿಮೆ ಮಾಡಿದ್ದಾರೆ, ಎಲ್ಲವನ್ನೂ ವಿವರಿಸಿದೆ. ಹೀಗೆ ಹನ್ನೊಂದು ದಿನ.

ಹನ್ನೊಂದನೆಯ ದಿನ ಅಕ್ಕ ನನ್ನ ಎರಡು ಕಾಯಿ ಹೊಡೆದಳು. ಯಜಮಾನರು ಕಣ್ಣು ಮುಚ್ಚಿಕೊಂಡೇ ಕೇಳಿದರು, "ಸಣ್ಣಾವ್ರಿದ್ದಾಗ ಇಬ್ಬರಾಗ ಯಾರು ಗೆಲ್ತಿದ್ರಿ?"

"ಅವಳೇ" ಎಂದೆ. "ಒಂದೇ ಸಲ ನಾನು ಗೆದ್ದದ್ದು, ಅದೂ ಮೋಸದಿಂದ." ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಅಪ್ಪ ಗೂಡು ಮಾರಲು ಹಿಂದೂಪುರದ ಮಾರ್ಕೆಟ್ಟಿಗೆ ಹೊರಟಿದ್ದರು. ಜೊತೆಗೆ ಒಬ್ಬಳನ್ನು ಮಾತ್ರ ಕರೆದೊಯ್ಯುತ್ತೇನೆ, ಇನ್ನೊಬ್ಬಳು ಮನೆಯಲ್ಲಿದ್ದು ಎಳೆ ಹುಳುಗಳಿಗೆ ಸೊಪ್ಪು ಹಾಕಬೇಕು ಎಂದರು. ಚೌಕಾಬಾರದಲ್ಲಿ ಗೆದ್ದವಳು ಹೋಗುವುದೆಂದು ನಾವೇ ಪಂಥ ಕಟ್ಟಿದೆವು. ಅಕ್ಕ ಇನ್ನೇನು ಗೆಲ್ಲುವುದರಲ್ಲಿದ್ದಳು. ಅಷ್ಟರಲ್ಲಿ ಅಮ್ಮ ಕರೆದಳೆಂದು ಸೊಪ್ಪು ಹರಡಿ ಬರಲು ಎದ್ದುಹೋದಳು. ನಾನು ಅವಳ ಬಳೆಚೂರನ್ನು ಯಾರೂ ಹೊಡೆಯಬಾರದ ಕಟ್ಟೆಮನೆಯಿಂದ ಒಂದು ಮನೆ ಹಿಂದಕ್ಕೆ ಜರುಗಿಸಿದೆ. ಅವಳು ಬಂದು ಕೂತ ಮೇಲೆ ಬೀಜ ಹಾಕಿ, ಅದನ್ನು ಹೊಡೆದೆ. ಅಕ್ಕ ಅಳಲಿಲ್ಲ. ತನ್ನ ಹೊಸ ರಿಬ್ಬನ್ನನ್ನು ಬಿಚ್ಚಿ ನನ್ನ ಜಡೆಗೆ ಕಟ್ಟಿ, ಹಿಂದೂಪುರದಲ್ಲಿ ಏನೇನು ನೋಡಿದೆ ಅಂತ ಬಂದು ಎಲ್ಲಾ ಹೇಳಬೇಕು ಎಂದಳು.

ಇಷ್ಟು ಹೇಳಿ ಪರದೆ ನೋಡಿದರೆ ಅಕ್ಕನ ಸರದಿ, ಕವಡೆ ಉರುಳುತ್ತಿಲ್ಲ. ಮಡಕಶಿರದಲ್ಲಿ ಕರೆಂಟು ಹೋಯಿತೇನೋ ಅಂದುಕೊಂಡೆ. ನೋಡುತ್ತಿದ್ದಂತೆ ಆ ಕೆಂಪು ಗೀಟು ಮಾಯವಾಯಿತು.

"ಏ ಸರೋಜೀ!" ಎಂಟು ತಿಂಗಳ ಮೇಲೆ ಕೇಳಿದ ದನಿ. ಹೆಡ್‌ಫೋನಿನ ಆಚೆಗೂ ಕೇಳಿದ ಆ ಕೂಗಿಗೆ ಯಜಮಾನರು ಚಾಪೆಯ ಮೇಲೆ ಎದ್ದು ಕೂತರು. "ಅಂಗಾದ್ರೆ ಆ ಕಾಯಿ ಜರುಗ್ಸಿದ್ದು ನೀನಾ? ಅಯ್ಯೋ ಕಳ್ಳೀ! ನನ್ನ ಹಣೇಲಿ ಬರೆದಿಲ್ಲ ಅಂದ್ಕೊಂಡು ಸುಮ್ಕಾಗಿದ್ನಲ್ಲೇ!"

"ಅಕ್ಕಾ, ನಿಂಗೆ ಕೇಳಿಸ್ತೈತಾ?" ಎಂದೆ. ರಾಯದುರ್ಗದಲ್ಲಿ ಮೂವತ್ತೈದು ವರ್ಷ ಬಾಳಿದ ನಾಲಿಗೆ ಒಂದು ಕ್ಷಣದಲ್ಲಿ ತವರಿಗೆ ಓಡಿತ್ತು.

"ಹನ್ನೊಂದು ದಿನದಿಂದ ಕೇಳಿಸ್ತೈತೆ!"

"ಮತ್ತೆ ಯಾಕೆ ಮಾತಾಡ್ಲಿಲ್ಲ?"

"ಕರೀದೇ ಇರೋ ಕಡೆ ಬಾಯಿ ಹಾಕೋಳಲ್ಲ ನಾನು." ಹಿಂದಿನಿಂದ ರೂಪಾ ನಗು ತಡೆಯಲಾರದೆ ಹೇಳಿದಳು, "ಅತ್ತೇನೇ ಮೈಕ್ ಆಫ್ ಮಾಡ್ಸವ್ರೆ ಚಿಕ್ಕತ್ತೆ. ದಿನಾ ಊಟ ಬೇಗ ಮುಗ್ಸಿ ರೇಡಿಯೋ ಕೇಳ್ದಂಗೆ ನಿಮ್ಮನೇದು ಕೇಳ್ತಾ ಕೂತ್ಕಂತಾರೆ." ಕೆಂಪು ಗೀಟು ಎಂದರೆ ಅಕ್ಕ ಬಾಯಿ ಮುಚ್ಚಿಕೊಂಡಿದ್ದಾಳೆ ಎಂದು ಅರ್ಥವಂತೆ. ಅವಳು ಕಿವಿ ಮುಚ್ಚಿಕೊಂಡಿದ್ದಾಳೆ ಎಂದು ನಾನು ಓದಿಕೊಂಡಿದ್ದೆ.

"ನಾಳೆ ಬಾ" ಎಂದು ಅಕ್ಕ ಅಪ್ಪಣೆ ಕೊಟ್ಟಳು. "ನನ್ನ ಹಿಂದೂಪುರಕ್ಕೆ ಕರ್ಕೊಂಡೋಗು." ಮಂಡಿನೋವು ಎನ್ನುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಎರಡು ಬಸ್ಸು ಬದಲಿಸಿ ಹೋದೆ. ಕುಂಕುಮದ ಭರಣಿ ಒಯ್ದು ಹೊಸ್ತಿಲಲ್ಲೇ ಅವಳ ಹಣೆಗಿಟ್ಟು, ಇನ್ನೂ ತಿಂಗಳುಗಟ್ಟಲೆ ದೂರವಿದ್ದ ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಈಗಲೇ ಕರೆದೆ. ಅಕ್ಕ ಹಣೆಯನ್ನು ಮುಂದಕ್ಕೆ ಒಡ್ಡಿ ಇಡಿಸಿಕೊಂಡು, ಆಮೇಲೆ ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು ಬಂದಳು. ಹಿಂದೂಪುರದ ಗೂಡಿನ ಮಾರ್ಕೆಟ್ಟಿನಲ್ಲಿ ಅದೇ ವಾಸನೆ, ಹುಳು ಮನೆಯ ವಾಸನೆ. ಅಕ್ಕ ಒಂದು ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದಳು. ಚಿಕ್ಕಂದಿನಲ್ಲಿ ಅಪ್ಪ ಗೂಡು ಬಿಡಿಸಿ ಹಾಕುತ್ತಿದ್ದಾಗ ಹಾಗೇ ಮಾಡುತ್ತಿದ್ದಳು. ಆಮೇಲೆ ಸುತ್ತ ನೋಡಿ ಕೇಳಿದಳು, "ಬಾಗ್ಲಲ್ಲಿ ಎರಡು ಕಲ್ಲಿನ ಆನೆ ಅವೆ ಅಂತ ಅವತ್ತು ನೀನು ಅಂದಿದ್ದೆ. ಸಾಹೇಬ್ರು ಒಬ್ರು ನಿಂಗೆ ಕುರ್ಚಿ ಹಾಕಿ ಕೂರ್ಸಿದ್ರು ಅಂದಿದ್ದೆ. ಎಲ್ಲೈತೆ ಆನೆ?"

"ಇಲ್ಲ ಅಕ್ಕ" ಎಂದೆ. "ಮೂಟೆ ಮೇಲೆ ನಿದ್ದೆ ಹೋಗ್ಬಿಟ್ಟಿದ್ದೆ. ಅಪ್ಪ ಎಬ್ಬಿಸ್ದಾಗ ವಾಪಸ್ ನಮ್ಮೂರು ಬಂದಿತ್ತು."

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ನಿಂತು ನಗಲಾಗದೆ ಖಾಲಿ ಕ್ರೇಟಿನ ಮೇಲೆ ಕುಸಿದಳು, ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ. ಗೂಡು ತೂಗುತ್ತಿದ್ದವರು ಕೈ ನಿಲ್ಲಿಸಿ "ಏಮೈಂದಮ್ಮಾ?", ಏನಾಯಿತಮ್ಮಾ, ಎಂದು ತೆಲುಗಿನಲ್ಲಿ ಕೇಳಿದರು. ಅವರಿಗೆ ಏನೆಂದು ಹೇಳುವುದು? ನಾನೂ ಪಕ್ಕದ ಕ್ರೇಟಿನ ಮೇಲೆ ಕೂತು ನಕ್ಕೆ.

ಜಗಳ ಮುಗಿಯಿತು, ಆದರೆ ಆ ಹನ್ನೊಂದು ದಿನಗಳು ಮುಗಿದಿಲ್ಲ. ಅಕ್ಕ ಎಲ್ಲವನ್ನೂ ಒಟ್ಟಿಗೆ ಕೇಳುವವಳಲ್ಲ, ಒಂದೊಂದಾಗಿ ಬಿಡುತ್ತಾಳೆ. ಅಂದು ಸಂಜೆ ಕಾಫಿ ಕೊಡುತ್ತಾ "ಡಿಕಾಕ್ಷನ್ ಇನ್ನೂ ಒಂದೀಟು ಹಾಕ್ಲಾ? ಮುಸುರೆ ನೀರಿನಂಗೈತೆ ಅಂದೀಯ" ಎಂದಳು. ಬಸ್ ಸ್ಟ್ಯಾಂಡಿಗೆ ಹೊರಟಾಗ "ನೀನು ಮುಂದೆ ನಡಿ, ನಾನು ಬೆಟ್ಟ ಹೊತ್ಕೊಂಡು ನಿಧಾನಕ್ಕೆ ಬತ್ತೀನಿ" ಎಂದಳು. ಈಗ ದಿನಾ ಮಧ್ಯಾಹ್ನ ಮೈಕ್ ತೆರೆದೇ ಆಡುತ್ತೇವೆ. ಆಟದ ನಡುವೆ ಇನ್ಯಾವುದು ಹೊರಬೀಳುತ್ತದೋ ಎಂದು ನಾನು ಕವಡೆಗಿಂತ ಹೆಚ್ಚಾಗಿ ಅವಳ ದನಿಯನ್ನೇ ಕಾಯುತ್ತಿರುತ್ತೇನೆ. ಹೀಗಾಗಿ ದಿನಾ ಸೋಲುತ್ತೇನೆ.

ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಹಸಿರು ಗೆರೆ ಮೊದಲು ಕುಣಿದ ದಿನ ಬಾಷಾ ಹೋದ ಮೇಲೆ, ಯಜಮಾನರೂ ಹೊರಗೆ ಹೋಗಿದ್ದಾಗ, ನಾನು ಆ ಕಡ್ಡಿ ಮೈಕನ್ನು ತುಟಿಯ ಹತ್ತಿರ ಎಳೆದುಕೊಂಡು "ನೀನು ಕೂಗಾಡ್ದೆ ಇದ್ರೆ ನಂಗೆ ಯಾವುದೂ ರುಚಿಸಲ್ಲ ಕಣಕ್ಕ" ಎಂದಿದ್ದೆ. ನಾನಾಡಿದ ಉಳಿದದ್ದೆಲ್ಲ ಒಂದಕ್ಷರ ಬಿಡದೆ ನೆನಪಿಟ್ಟಿರುವ ಅಕ್ಕ ಇದೊಂದನ್ನು ಇದುವರೆಗೆ ಎತ್ತಿಲ್ಲ. ಅದು ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ವಿಚಾರಿಸೋಣವೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದುಬಿಟ್ಟಾಳೆಂದು ಹೆದರಿ ಕವಡೆ ಉರುಳಿಸಿಬಿಡುತ್ತೇನೆ.