ಬಸ್ಸಿನಲ್ಲಿ ಬಂದ ಮೂರು ಲಕೋಟೆ

ಚೆನ್ನಾಗಿ ನಡೆಯುತ್ತಿರುವ ಯಂತ್ರಕ್ಕೆ ಕೈ ಹಚ್ಚಬಾರದೆಂಬ ಬುದ್ಧಿ ಭೀಮಶ್ಯಾನಿಗೆ ಬಂದದ್ದು ಒಂದು ದಿನ ತಡವಾಗಿ. ಬಸವನ ಬಾಗೇವಾಡಿಯ ಶಿಕ್ಷಣ ಸಂಸ್ಥೆಯೊಂದರ ಕಚೇರಿಯಲ್ಲಿ ಅವನು ಆರು ವರ್ಷದಿಂದ ಹಂಗಾಮಿ ಕಂಪ್ಯೂಟರ್ ಆಪರೇಟರ್. ಹಂಗಾಮಿ ಅಳಿಯನಿಗೆ ಮಾವನ ಮನೆಯಲ್ಲಿ ಎರಡನೆಯ ಕಪ್ ಚಹಾ ಬೇಕೇ ಎಂದು ಯಾರೂ ಕೇಳುತ್ತಿರಲಿಲ್ಲ. ಸಾಹೇಬರ ಕಣ್ಣಿಗೆ ಬಿದ್ದು ಕಾಯಂ ಆಗೋಣವೆಂದು ಹಿಂದಿನ ಸಂಜೆ ಕಚೇರಿಯ ಸರ್ವರ್ ಯಂತ್ರಕ್ಕೆ ಹೊಸ ಇ-ಮೇಲ್ ಸಾಫ್ಟ್‌ವೇರ್ ಹಾಕಿದ್ದ. ಬೆಳಿಗ್ಗೆ ಬಂದು ನೋಡಿದರೆ ಮೇಲ್ ಸರ್ವಿಸ್ ಏಳಲೊಲ್ಲದು.

ಕಾರ್ಯದರ್ಶಿ ರಾವಸಾಬರು ಬಾಗಿಲಲ್ಲೇ ನಿಂತು ಹೇಳಿದರು: "ನಾಕಕ್ಕ ಯುನಿವರ್ಸಿಟಿ ಕಮಿಟಿ ಬರ್ತೈತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ನಮ್ಮ ಮೂರೂ ಕಾಲೇಜಿನ ಹಾಜರಿ ಪಟ್ಟಿ ಮೇಲ್‌ನ್ಯಾಗ ಬಂದು ನನ್ನ ಟೇಬಲ್ ಮ್ಯಾಲೆ ಇರಬೇಕು. ಇಲ್ಲಂದ್ರ ಕಾಯಂ ಅನ್ನೂದು ಮರ್ತಬಿಡು."

ಭೀಮಶ್ಯಾ ಯಂತ್ರದ ಮುಂದೆ ಕೂತ. ಸರ್ವಿಸನ್ನು ಹತ್ತು ಸಲ ಚಾಲೂ ಮಾಡಲು ನೋಡಿದ. ಹತ್ತು ಸಲವೂ ಅದು 'ಫೇಲ್' ಎಂದಿತು.

ಹೆಡ್ ಕ್ಲಾರ್ಕ್ ಅಬ್ದುಲಗನಿ ಚಹಾ ಹಿಡಿದುಕೊಂಡು ಬಂದರು. "ಡಬ್ಬಿ ಸತ್ತೈತೇನಪಾ?"

"ಡಬ್ಬಿ ಜೀವಂತ ಐತ್ರಿ. ಟಪಾಲು ಅಷ್ಟ ನಿಂತೈತಿ."

"ಕಾದಿರಬೇಕು. ಪಂಖಾ ಹಚ್ಚು."

ಟೈಪಿಸ್ಟ್ ಸುವರ್ಣಾ ಒಪ್ಪಲಿಲ್ಲ. "ನಮ್ಮನಿ ಟಿವಿ ಹಿಂಗ ಮಾಡಿದ್ರ ಎರಡು ಬಡೀತೀವ್ರಿ."

ಭೀಮಶ್ಯಾ "ಬ್ಯಾಡ್ರೀ" ಎನ್ನುವಷ್ಟರಲ್ಲಿ ಅಬ್ದುಲಗನಿ ಬಡಿದೇಬಿಟ್ಟರು. ಪರದೆಯೂ ಕಪ್ಪಾಯಿತು. "ನೋಡು, ಈಗ ಆರಾಮ ತಗೊಳ್ತು," ಎಂದು ಚಹಾ ಮುಗಿಸಿ ಹೋದರು.

ಇನ್ನು ಅಳುವುದೊಂದೇ ಬಾಕಿ. ಭೀಮಶ್ಯಾ ಮೂರೂ ಕಾಲೇಜಿಗೆ ಫೋನು ಮಾಡಿ ಗುಮಾಸ್ತರಿಗೆ ಗೋಗರೆದ: "ಪಟ್ಟಿ ಲಕೋಟಿಯೊಳಗ ಹಾಕಿ ಕಂಡಕ್ಟರ್ ಕೈಯಾಗ ಕೊಡ್ರಿ, ನಿಮಗ ಪುಣ್ಯ ಬರ್ತೈತಿ." ಆಮೇಲೆ ಬಿಸಿಲಿನಲ್ಲಿ ಬಸ್ ನಿಲ್ದಾಣಕ್ಕೂ ಕಚೇರಿಗೂ ಮೂರು ಸಲ ಓಡಿದ. ಮುದ್ದೇಬಿಹಾಳದ ಲಕೋಟೆಯ ಮೇಲೆ ಕಂಡಕ್ಟರ್ ಕೂತೇ ಬಂದಿದ್ದ. ಇಂಡಿಯದಕ್ಕೆ ಯಾರದೋ ಭಜಿಯ ಎಣ್ಣೆ ಹತ್ತಿತ್ತು.

ಮೂರು ಗಂಟೆಗೆ ಮೂರೂ ಲಕೋಟೆ ಸಾಹೇಬರ ಮೇಜು ಸೇರಿದವು. ಆದರೂ ಭೀಮಶ್ಯಾನಿಗೆ ಸಮಾಧಾನವಿಲ್ಲ. ಮೇಲ್ ಕೆಟ್ಟದ್ದು ತನ್ನ ಕೈಯಿಂದಲೇ ತಾನೆ? ಸಡಿಲಾದ ವಾಯರು ಸಿಕ್ಕಿಸಿ ಪರದೆ ಬೆಳಗಿಸಿದ. ಯಂತ್ರ ಬರೆದಿಟ್ಟ ತಪ್ಪುಗಳನ್ನು ಒಂದೊಂದೇ ಸಾಲು ಓದಿದ. ಕೊನೆಗೂ ಗೊತ್ತಾಯಿತು: ಹಳೆಯ ಪ್ರೋಗ್ರಾಮು, ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹೋದವರ ಹಾಗೆ, ಜಾಗ ಬಿಟ್ಟೇ ಇರಲಿಲ್ಲ, ಹೊಸದು ಕೂಡ್ರುವುದಾದರೂ ಎಲ್ಲಿ? ಹಳೆಯದನ್ನು ತೆಗೆದದ್ದೇ ತಡ, ಸರ್ವಿಸ್ ಚಾಲೂ ಆಯಿತು. ಭೀಮಶ್ಯಾನ ಕಣ್ಣಲ್ಲಿ ನೀರು ಬಂತು.

ಐದಕ್ಕೆ ಕಮಿಟಿ ಹೊರಟಿತು. ರಾವಸಾಬರು ಅವನನ್ನು ಒಳಗೆ ಕರೆಸಿದರು.

"ಸಾಹೇಬ್ರ, ಮೇಲ್ ಸುರು ಆತ್ರಿ!"

"ಬಂದ್ ಮಾಡು ಅದನ್ನ. ಮೇಲ್ ಅಂದ್ರ ಆ ಗುಮಾಸ್ತರು 'ಕಳಿಸೇವ್ರಿ, ಕಳಿಸೇವ್ರಿ' ಅಂತ ಎಂಟು ದಿನ ಆಡಸ್ತಿದ್ರು. ಬಸ್ಸು ಹೊಂಟು ನಿಂತ್ರ ನೆಪ ಹೇಳಾಕ ವ್ಯಾಳ್ಯಾ ಎಲ್ಲೈತಿ? ನಾಕು ತಾಸಿನ್ಯಾಗ ಬಂದ್ವು ನೋಡು, ಸಹಿ, ಸಿಕ್ಕಾ ಸಹಿತ! ಕಮಿಟಿಯವ್ರು ಖುಷ್ ಆಗಿ ಹೋದ್ರು. ಇನ್‌ಮ್ಯಾಲೆ ಎಲ್ಲಾ ಬಸ್ಸಿನ್ಯಾಗ. ತಗೋ, ನಿನ್ನ ಕಾಯಂ ಆರ್ಡರ್."

ಬಾಗಿಲಲ್ಲಿ ಅಬ್ದುಲಗನಿ ಪೇಡೆಗೆ ಕೈಯೊಡ್ಡಿ ನಿಂತಿದ್ದರು. ಭೀಮಶ್ಯಾ ಕಾಗದ ಬಿಚ್ಚಿ ಓದಿದ.

ಹುದ್ದೆ: ಟಪಾಲು ಜವಾನ. ಕೆಲಸದ ಸ್ಥಳ: ಬಸ್ ನಿಲ್ದಾಣ.